ಬೆಂಡಿನ ಕಡ್ಡಿಯೊಳಗೊಂದು ಸಂಸಾರ

ಬೇಲಿಯಲ್ಲಿ ಮುರಿದು ಒಣಗಿದ ಲಂಟಾನದ ಕಡ್ಡಿಯ ತುದಿಯಲ್ಲಿ ಕೆಲವೊಮ್ಮೆ ದುಂಡನೆಯ ಸಣ್ಣ ತೂತು ಕಾಣುತ್ತದೆ. ಬಗ್ಗಿ ನೋಡಿದರೆ ಒಳಗೆ ಕಪ್ಪಗೆ ಏನೋ ಅಡ್ಡ ಕೂತಿರುತ್ತದೆ. ಅದು ಮನೆಯೊಡತಿಯ ಹಿಂಭಾಗ. ಹೊಟ್ಟೆಯ ತುದಿಯನ್ನೇ ಕದವಾಗಿಸಿಕೊಂಡು, ಇರುವೆಯೂ ಪರಾವಲಂಬಿ ಕಣಜವೂ ಒಳಕ್ಕೆ ನುಸುಳದಂತೆ ಬಾಗಿಲು ಕಾಯುತ್ತಿರುತ್ತದೆ.

ಇದು ಸೆರಾಟಿನ ಕುಲದ ಕಿರು ಬಡಗಿದುಂಬಿ, ಜೇನಿನ ಬಳಗದ್ದೇ. ತೊಲೆ, ಬಿದಿರು, ಬಾಗಿಲ ಚೌಕಟ್ಟುಗಳನ್ನು ಕೊರೆದು ಗುಂಯ್‌ಗುಡುವ ದೊಡ್ಡ ಕರಿದುಂಬಿಗೆ ಹತ್ತಿರದ ನೆಂಟ. ಆದರೆ ಉದ್ದ ಸಾಮಾನ್ಯವಾಗಿ ಒಂದು ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಮೈಮೇಲೆ ರೋಮ ಕಡಿಮೆ. ಬಣ್ಣ ಕಪ್ಪು, ಕಡುನೀಲಿ ಅಥವಾ ಮಿರುಗುವ ಹಸಿರು. ಮುಖದ ಮೇಲೆ ಬಿಳಿಯ ಇಲ್ಲವೇ ಹಳದಿಯ ಗುರುತು, ಗಂಡಿನಲ್ಲಿ ಅದು ಇನ್ನಷ್ಟು ದೊಡ್ಡದು. ನೋಡಿದವರಲ್ಲಿ ಹೆಚ್ಚಿನವರು ಇದನ್ನು ಯಾವುದೋ ನೊಣವೆಂದುಕೊಂಡು ಸುಮ್ಮನಾಗುತ್ತಾರೆ. ಜಗತ್ತಿನಲ್ಲಿ ಇವುಗಳ 350ಕ್ಕೂ ಹೆಚ್ಚು ಜಾತಿಗಳಿವೆ, ಅಂಟಾರ್ಕ್ಟಿಕವೊಂದನ್ನು ಬಿಟ್ಟು ಎಲ್ಲ ಖಂಡಗಳಲ್ಲೂ ಇವೆ. ಡಿಎನ್‌ಎ ಹೋಲಿಸಿ ವಂಶವೃಕ್ಷ ಬಿಡಿಸಿದವರು ಮೂಲ ಆಫ್ರಿಕ ಎನ್ನುತ್ತಾರೆ. ಆಸ್ಟ್ರೇಲಿಯದಂಥ ದೊಡ್ಡ ಖಂಡದಲ್ಲಿ ಮಾತ್ರ ಇರುವುದು ಒಂದೇ ಒಂದು ಸ್ಥಳೀಯ ಜಾತಿ.

ಬಡಗಿ ಎಂದರೂ ಗಟ್ಟಿ ಮರ ಕೊರೆಯುವ ತಾಕತ್ತು ಇದಕ್ಕಿಲ್ಲ. ತೊಗಟೆಯನ್ನು ಪಕ್ಕದಿಂದ ಸೀಳಲೂ ಆಗದು. ಕಡ್ಡಿ ಮುರಿದೋ, ಯಾರೋ ಕತ್ತರಿಸಿಯೋ ನಡುವಿನ ಬೆಂಡು ಬಯಲಾಗಿರಬೇಕು. ಅಂಥ ತುದಿ ಸಿಕ್ಕರೆ ಹೆಣ್ಣುದುಂಬಿ ದವಡೆಯಿಂದ ಬೆಂಡನ್ನು ಕೆರೆದು ಕೆರೆದು ಹೊರಹಾಕುತ್ತ ಕೆಳಗಿಳಿಯುತ್ತದೆ. ಸುರಂಗ ಸಿದ್ಧವಾದ ಮೇಲೆ ಹೂವಿನಿಂದ ಹೂವಿಗೆ ಅಲೆದು ಪರಾಗ ತಂದು, ಮಕರಂದದಲ್ಲಿ ಕಲಸಿ, ತಳದಲ್ಲಿ ಒಂದು ಉಂಡೆ ಕಟ್ಟುತ್ತದೆ. ಒಂದು ಉಂಡೆಗೆ ಹಲವು ಸುತ್ತು ಓಡಾಟ. ಅದರ ಮೇಲೆ ಒಂದು ಮೊಟ್ಟೆ. ಆಮೇಲೆ ಕೆರೆದ ಬೆಂಡಿನ ಪುಡಿಯನ್ನೇ ಒತ್ತಿ ಅಡ್ಡಗೋಡೆ, ಗೋಡೆಯ ಮೇಲೆ ಮತ್ತೊಂದು ಉಂಡೆ, ಮತ್ತೊಂದು ಮೊಟ್ಟೆ. ಹೀಗೆ ರೈಲಿನ ಬೋಗಿಗಳಂತೆ ಒಂದರ ಹಿಂದೊಂದು ಕೋಣೆ. ಹಿರಿಯ ಮಗು ತಳದಲ್ಲಿ, ಕಿರಿಯದು ಬಾಗಿಲ ಬಳಿ.

ಒಂಟಿಯಾಗಿ ಬದುಕುವ ಜೇನುಗಳಲ್ಲಿ ಬಹುಪಾಲು ಇಷ್ಟಕ್ಕೆ ಕೈತೊಳೆದುಕೊಳ್ಳುತ್ತವೆ: ಬಾಗಿಲು ಮುಚ್ಚಿ ಹೊರಟುಹೋದರೆ ಮಗುವಿನ ಮುಖವನ್ನೇ ನೋಡುವುದಿಲ್ಲ. ಸೆರಾಟಿನದ ಅನೇಕ ಜಾತಿಗಳಲ್ಲಿ ತಾಯಿ ಹಾಗಲ್ಲ. ತಾನೇ ಕಟ್ಟಿದ ಗೋಡೆಗಳನ್ನು ಬಿಚ್ಚಿಕೊಂಡು ಕೆಳಗಿಳಿದು ಒಂದೊಂದು ಮರಿಹುಳುವನ್ನೂ ವಿಚಾರಿಸಿ, ಹೇಸಿಗೆ ಬಳಿದು, ಮತ್ತೆ ಗೋಡೆ ಕಟ್ಟುತ್ತ ಮೇಲೆ ಬರುತ್ತದೆ. ಮಕ್ಕಳು ರೆಕ್ಕೆ ಬಲಿತು ನಿಲ್ಲುವವರೆಗೂ ಬದುಕಿರುತ್ತದೆ. ತಾಯಿಯೂ ಬೆಳೆದ ಮಕ್ಕಳೂ ಒಂದೇ ಸೂರಿನಡಿ ಇದ್ದರೆ ಸಮಾಜಕ್ಕೆ ಬೇಕಾದ ಮೊದಲ ಸಾಮಗ್ರಿ ಕೂಡಿಬಂತು ಎನ್ನಬಹುದು. ಹೆಜ್ಜೇನಿನ ಸಂಸಾರ ಎಂದೋ ಪಳಗಿ ಗಟ್ಟಿಯಾದದ್ದು, ಅದು ಹೇಗೆ ಶುರುವಾಯಿತೆಂದು ಅದನ್ನು ನೋಡಿ ತಿಳಿಯುವುದು ಕಷ್ಟ. ಕೀಟವಿಜ್ಞಾನಿಗಳು ಕಡ್ಡಿ ಸೀಳುತ್ತ ಕೂರುವುದು ಇದಕ್ಕೇ.

ಉತ್ತರ ಅಮೆರಿಕದ ಪೂರ್ವಭಾಗದಲ್ಲಿರುವ ಸೆರಾಟಿನ ಕಲ್ಕರಾಟ ಎಂಬ ಜಾತಿಯ ಕಥೆ ಸ್ವಲ್ಪ ಕ್ರೂರವಾದದ್ದು. ಕೆನಡಾದ ವಿಜ್ಞಾನಿ ಸಾಂಡ್ರಾ ರೆಹಾನ್ ಮತ್ತು ಸಂಗಡಿಗರು ಇದನ್ನು ವರ್ಷಗಟ್ಟಲೆ ಬೆನ್ನುಹತ್ತಿದ್ದಾರೆ. ಜೇನುಗಳಲ್ಲಿ ಸಾಮಾನ್ಯವಾಗಿ ಫಲಿತವಾದ ಮೊಟ್ಟೆ ಹೆಣ್ಣಾಗುತ್ತದೆ, ಆಗದ್ದು ಗಂಡು. ಹಾಗಾಗಿ ಯಾವ ಕೋಣೆಗೆ ಏನು ಎಂಬುದು ತಾಯಿಯ ಕೈಯಲ್ಲೇ ಇದೆ. ಈ ಜಾತಿಯ ತಾಯಿ ತಳದ ಕೋಣೆಯಲ್ಲಿ ಸಾಮಾನ್ಯವಾಗಿ ಹೆಣ್ಣುಮೊಟ್ಟೆಯನ್ನೇ ಇಟ್ಟು, ಅದಕ್ಕೆ ಮಾತ್ರ ಸಣ್ಣ ಉಂಡೆ ಬಡಿಸುತ್ತದೆ. ಅರೆಹೊಟ್ಟೆಯಲ್ಲಿ ಬೆಳೆದ ಹಿರಿಮಗಳು ಕುಳ್ಳಿಯಾಗುತ್ತಾಳೆ. ಬೇಸಿಗೆ ಕಳೆದು ತಮ್ಮಂದಿರು, ತಂಗಿಯರು ಕೋಣೆಯಿಂದ ಹೊರಬಂದಾಗ ಹೂವಿಗೆ ಹೋಗಿ ಪರಾಗ ತಂದು ಉಣಿಸುವುದು ಅವಳ ಪಾಲಿನ ಕೆಲಸ. ಆ ಊಟ ತಿಂದವರು ಅದೇ ಕಡ್ಡಿಯಲ್ಲಿ ಚಳಿಗಾಲವನ್ನು ದಾಟಿ, ವಸಂತದಲ್ಲಿ ಹಾರಿಹೋಗಿ ತಮ್ಮ ಮನೆ ಮಾಡುತ್ತಾರೆ. ಉಣಿಸಿದವಳು ಮಾತ್ರ ಮುಂದಿನ ವಸಂತ ಕಾಣುವುದಿಲ್ಲ, ಅವಳಿಗೆ ಮಕ್ಕಳೂ ಇಲ್ಲ. ರಾಣಿಯಿಲ್ಲದ ಮನೆಯಲ್ಲಿ ಇವಳೊಬ್ಬಳೇ ಕೆಲಸಗಾತಿ, ಅದೂ ಊಟದ ಅಳತೆಯಿಂದಲೇ ಹುಟ್ಟಿದವಳು.

ಯುರೋಪಿನ ಸೆರಾಟಿನ ನೈಗ್ರೊಲೇಬಿಯಾಟದಲ್ಲಿ ಕಾವಲು ಗಂಡಿನದು. ಜೇನುಲೋಕದಲ್ಲಿ ಇದು ತೀರ ಅಪರೂಪ, ಅಲ್ಲಿನ ಗಂಡುಗಳು ಸೋಮಾರಿತನಕ್ಕೇ ಹೆಸರಾದವು. ಜೆಕ್ ಗಣರಾಜ್ಯದ ಮೈಕಲ್ ಮಿಕಾಟ್ ಮತ್ತು ತಂಡ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಹೆಣ್ಣು ಪರಾಗಕ್ಕೆ ಹೋದಾಗ ಗಂಡು ಗೂಡಿನಲ್ಲಿದ್ದು ಇರುವೆಗಳಿಗೆ ಅಡ್ಡ ನಿಲ್ಲುತ್ತದೆ. ಬೆನ್ನಿಗೆ ಕಾವಲಿರುವುದರಿಂದ ಹೆಣ್ಣಿಗೆ ಹೆಚ್ಚು ಸುತ್ತು ಹೋಗಿಬರಲು ಸಾಧ್ಯ. ಎಂಥ ಆದರ್ಶ ತಂದೆ ಎನ್ನುವಷ್ಟರಲ್ಲಿ ಡಿಎನ್‌ಎ ಪರೀಕ್ಷೆ ಬೇರೆಯೇ ಹೇಳಿತು. ಗೂಡಿನಲ್ಲಿದ್ದ ಮರಿಗಳಲ್ಲಿ ಹೆಚ್ಚಿನವು ಆ ಗಂಡಿಗೆ ಹುಟ್ಟಿದವೇ ಅಲ್ಲ! ಅದು ಕಾಯುವುದು ಹೆಣ್ಣನ್ನು, ಮತ್ತೆ ಕೂಡುವ ಅವಕಾಶಕ್ಕಾಗಿ. ಮಕ್ಕಳ ರಕ್ಷಣೆ ಪುಕ್ಕಟೆಯಾಗಿ ಆಗಿಬಿಡುತ್ತದೆ. ಹೆಣ್ಣು ಹಿಂತಿರುಗದೆ ಹೋದರೆ ಗಂಡೂ ಗೂಡು ಬಿಟ್ಟು ಹೊರಡುತ್ತದೆ.

ಜಪಾನಿನ ಶೋಯಿಚಿ ಸಕಾಗಾಮಿ ಮತ್ತು ಯಾಸುವೊ ಮಾಯೆತಾ ಇನ್ನೊಂದು ಬಗೆಯನ್ನು ಕಂಡರು. ಅಲ್ಲಿಯ ಕೆಲವು ಜಾತಿಗಳಲ್ಲಿ ಒಮ್ಮೊಮ್ಮೆ ಎರಡು ಹೆಣ್ಣುಗಳು ಒಂದೇ ಕಡ್ಡಿಯಲ್ಲಿ ಸಂಸಾರ ಹೂಡುತ್ತವೆ. ದೊಡ್ಡದು ಬಾಗಿಲು ಕಾಯುತ್ತ ಮೊಟ್ಟೆಯಿಡುತ್ತದೆ, ಚಿಕ್ಕದು ಹೊರಗೆ ದುಡಿಯುತ್ತದೆ. ಇನ್ನು ಮೆಡಿಟರೇನಿಯನ್ ಸೀಮೆಯ ಸೆರಾಟಿನ ಡಲ್ಲಾಟೋರಿಯಾನಕ್ಕೆ ಗಂಡಿನ ಹಂಗೇ ಇಲ್ಲದೆ ಹೆಣ್ಣುಸಂತಾನ ಪಡೆಯುವ ಸಾಮರ್ಥ್ಯವಿದೆ. ಕ್ಯಾಲಿಫೋರ್ನಿಯವನ್ನು ಸೇರಿದ ಈ ಜಾತಿ ಅಲ್ಲಿ ನೆಲೆಯೂರಿದೆ.

ಜಾತಿ ಗುರುತಿಸುವುದು ಬೇರೆಯದೇ ತಲೆನೋವು. ಕಪ್ಪು ಮೈ, ನೀಲಿ ಹೊಳಪು, ಮುಖದಲ್ಲಿ ಬಿಳಿ ಚುಕ್ಕೆ ಎಂದರೆ ಹತ್ತಾರು ಜಾತಿಗಳಿಗೆ ಒಪ್ಪುತ್ತದೆ. ಅಮೆರಿಕ, ಕೆನಡಾಗಳಲ್ಲಿ ಸಾಮಾನ್ಯವಾಗಿದ್ದ ಒಂದು ದುಂಬಿ ಹಳೆಯ ಹೆಸರಿನಡಿ ಅಡಗಿ ಕೂತಿತ್ತು. ರೆಹಾನ್ ಮತ್ತು ಕೋರಿ ಶೆಫೀಲ್ಡ್ ಅಂಗರಚನೆಯ ಜೊತೆಗೆ ಡಿಎನ್‌ಎಯನ್ನೂ ನೋಡಿ 2011ರಲ್ಲಿ ಅದನ್ನು ಪ್ರತ್ಯೇಕ ಜಾತಿಯೆಂದು ಸಾರಿ, ಅಲ್ಲಿನ ಮಿಗ್ಮಾ ಮೂಲನಿವಾಸಿಗಳ ನೆನಪಿಗೆ ಮಿಕ್ಮಾಕಿ ಎಂದು ಕರೆದರು.

ಭಾರತದಲ್ಲಿ ಕಣ್ಣಿಗೆ ಬೇಗ ಬೀಳುವುದು ಪಚ್ಚೆಹಸಿರಿನ ಸೆರಾಟಿನ ಸ್ಮರಾಗ್ಡುಲ. ಪರಾಗಸ್ಪರ್ಶಕ್ಕೆ ಒದಗೀತೆಂದು ಇದನ್ನು ಕ್ಯಾಲಿಫೋರ್ನಿಯಕ್ಕೆ ಕರೆದೊಯ್ದು ಹೊಲಗಳಲ್ಲಿ ಬಿಟ್ಟದ್ದೂ ಉಂಟು, ಆ ಪ್ರಯೋಗದ ವರದಿ 1971ರಲ್ಲಿ ಅಚ್ಚಾಯಿತು. ಹವಾಯಿ ದ್ವೀಪಗಳಿಗೆ ಯಾರೂ ಕರೆಯದಿದ್ದರೂ ಹೋಗಿ ನೆಲೆಸಿದೆ. ಒಣಕಡ್ಡಿಯಲ್ಲಿ ಸದ್ದಿಲ್ಲದೆ ಕೂರುವ ಜೀವಿಗೆ ಕಡಲು ದಾಟುವುದು ಅಷ್ಟೇನೂ ಕಷ್ಟವಲ್ಲ. ಬೆಂಗಳೂರಿನ ಹೆಬ್ಬಾಳದಲ್ಲಿರುವ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೋದ ವಿಜ್ಞಾನಿಗಳು ಸೆರಾಟಿನ ಬಿಂಗಮಿ ಎಂಬ ಜಾತಿಯ ಗೂಡು ಮತ್ತು ಜೀವನಚಕ್ರವನ್ನು ರತ್ನಗಂಧಿಯ ಬೆಂಡುಕಡ್ಡಿಗಳಲ್ಲಿ ಅಧ್ಯಯನ ಮಾಡಿದ್ದಾರೆ. ಇದನ್ನು ಹಿತ್ತಲಲ್ಲಿ ಸಾಕಲು ಪೆಟ್ಟಿಗೆ ಬೇಡ, ಹೊಗೆ ಹಾಕುವುದು ಬೇಡ. ಸವರಿದ ಕಡ್ಡಿಗಳನ್ನು ಸುಡುವ ಬದಲು ಕಂತೆ ಕಟ್ಟಿ, ಮಳೆ ನೀರು ಇಳಿಯದ ಕಡೆ ತೂಗುಹಾಕಿದರೆ ಸಾಕು.

ತಕರಾರು ಬರುವುದಿದ್ದರೆ ಗುಲಾಬಿ ಬೆಳೆಗಾರರಿಂದ. ಕತ್ತರಿಸಿದ ಗುಲಾಬಿ ಕೊಂಬೆಯ ಬಾಯಿಯೂ ಈ ದುಂಬಿಗೆ ಇಷ್ಟ, ಬೆಂಡು ಹೋದಷ್ಟು ಉದ್ದಕ್ಕೆ ಕೊಂಬೆ ಒಣಗುವುದೂ ಉಂಟು. ಅದಕ್ಕೆ ಕೀಟನಾಶಕ ಹುಡುಕಬೇಕಾಗಿಲ್ಲ. ಸವರಿದ ಕೂಡಲೇ ತುದಿಗೆ ಒಂದು ತೊಟ್ಟು ಬಡಗಿಗಳ ಬಿಳಿ ಅಂಟು ಸವರಿದರೆ ಬೆಂಡಿನ ದಾರಿ ಮುಚ್ಚಿತು, ದುಂಬಿ ಬೇರೆ ಕಡ್ಡಿ ಹುಡುಕಿಕೊಳ್ಳುತ್ತದೆ.