ಪಾದದಿಂದ ಏಳುವ ಬಾಗು

ನೆಟ್ಟಗೆ ನಿಂತವರು ಎದೆಯೆತ್ತಿ ಹಿಂದಕ್ಕೆ ಬಾಗಿ ಅಂಗೈಗಳನ್ನು ನೆಲಕ್ಕೆ ಊರುತ್ತಾರೆ. ನಾಲ್ಕಾರು ಉಸಿರಾದ ಮೇಲೆ ಅಲ್ಲಿಂದಲೇ ಎದ್ದು ನಿಲ್ಲುತ್ತಾರೆ. ಲಂಡನ್ನಿನಲ್ಲೂ ಕ್ಯಾಲಿಫೋರ್ನಿಯಾದಲ್ಲೂ ನಸುಕಿನ ಯೋಗ ತರಗತಿಗಳಲ್ಲಿ ಈ ಸಾಧನೆ ದಿನವೂ ನಡೆಯುತ್ತದೆ. ಆ ತರಗತಿಗಳಿಗೆ ಅಲ್ಲಿನವರು ಇಟ್ಟುಕೊಂಡಿರುವ ಹೆಸರು ‘ಮೈಸೂರು ಸ್ಟೈಲ್’.

ಆ ಹೆಸರಿನ ಹಿಂದೆ ನಮ್ಮ ನಾಡಿನ ಹಲವು ಊರುಗಳ ದುಡಿಮೆಯಿದೆ. ಮುಮ್ಮಡಿ ಕೃಷ್ಣರಾಜ ಒಡೆಯರ ಹೆಸರಿನಲ್ಲಿರುವ ‘ಶ್ರೀತತ್ತ್ವನಿಧಿ’ಯಲ್ಲಿ 122 ಆಸನಗಳ ಚಿತ್ರಗಳಿವೆ. ಚಿತ್ರದುರ್ಗ ಸೀಮೆಯಲ್ಲಿ 1888ರಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರು ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ, 1930ರ ದಶಕದಲ್ಲಿ, ಜಗನ್ಮೋಹನ ಅರಮನೆಯ ಯೋಗಶಾಲೆ ನಡೆಸಿದರು. 1934ರಲ್ಲಿ ಹೊರಬಂದ ಅವರ ‘ಯೋಗ ಮಕರಂದ’ ಬರೆದದ್ದು ಕನ್ನಡದಲ್ಲಿ. ಹಾಸನದ ಬಳಿಯ ಕೌಶಿಕದ ಕೆ. ಪಟ್ಟಾಭಿ ಜೋಯಿಸ್, ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್ ಇಬ್ಬರೂ ಅವರ ಶಿಷ್ಯರು. ಜೋಯಿಸರು 1975ರಲ್ಲಿ ಕ್ಯಾಲಿಫೋರ್ನಿಯಾದ ಎನ್ಸಿನಿಟಾಸ್‌ಗೆ ಹೋಗಿ ಪಾಠ ಹೇಳಿದರು.

ಅಯ್ಯಂಗಾರರು 1966ರಲ್ಲಿ ಪ್ರಕಟಿಸಿದ ‘ಲೈಟ್ ಆನ್ ಯೋಗ’ದಲ್ಲಿ ಆಸನಗಳಿಗೆ ಕಷ್ಟದ ಅಂಕ ಕೊಟ್ಟಿದ್ದಾರೆ. ಮಲಗಿ ಮೇಲೇಳುವ ಊರ್ಧ್ವ ಧನುರಾಸನಕ್ಕೆ 7. ನಿಂತು ಹಿಂದಕ್ಕೆ ಬಾಗಿ ತನ್ನ ಕಣಕಾಲನ್ನೇ ಹಿಡಿಯುವ ತಿರ್ಯಙ್ಮುಖೋತ್ತಾನಾಸನಕ್ಕೆ 60. ಸಾಧಕರ ಎಷ್ಟೋ ವರ್ಷಗಳು ಕಳೆಯುವುದು ಈ ಎರಡು ಅಂಕಿಗಳ ನಡುವೆ.

ಅಷ್ಟು ಕಾಲ ಹಿಡಿಯುವುದೇಕೆ? ಸೊಂಟದ ಐದು ಕಶೇರುಗಳು ಹಿಂದಕ್ಕೆ ಬೇಗ ಮಣಿಯುತ್ತವೆ. ಎದೆಯ ಹನ್ನೆರಡಕ್ಕೆ ಪಕ್ಕೆಲುಬುಗಳ ಕಟ್ಟು ಇರುವುದರಿಂದ ಅವು ಸುಲಭಕ್ಕೆ ಬಗ್ಗವು. ಹೊಸಬರು ಅರಿವಿಲ್ಲದೆ ಬಾಗನ್ನೆಲ್ಲ ಸೊಂಟದ ಒಂದೇ ಕಡೆ ಮುರಿಯುತ್ತಾರೆ. ನೋವು ಹುಟ್ಟುವುದು ಅಲ್ಲಿ. ಬಾಗನ್ನು ಬೆನ್ನಿನ ಉದ್ದಕ್ಕೂ ಹಂಚಬೇಕಾದರೆ ಕೆಲಸ ಕಾಲಿನಿಂದ ಶುರುವಾಗಬೇಕು.

ಪಾದಗಳು ಸೊಂಟದಗಲ, ಒಂದಕ್ಕೊಂದು ಸಮಾನಾಂತರ. ಹೆಬ್ಬೆರಳಿನ ಬುಡವೂ ಹಿಮ್ಮಡಿಯೂ ನೆಲವನ್ನು ಒಂದೇ ಸಮ ಒತ್ತಬೇಕು. ತೊಡೆಗಳು ಗಟ್ಟಿಯಾಗಿ ಸ್ವಲ್ಪ ಒಳಕ್ಕೆ ತಿರುಗಿರಬೇಕು. ಪಾದಗಳು ಹೊರಕ್ಕೆ ಜಾರಿದರೆ ಸೊಂಟ ಹಿಂಡಿಕೊಳ್ಳುತ್ತದೆ. ಉಸಿರು ತೆಗೆದುಕೊಳ್ಳುತ್ತ ಎದೆಗೂಡನ್ನು ಸೊಂಟದಿಂದ ಮೇಲಕ್ಕೆತ್ತಿ, ಬಿಡುತ್ತ ಹಿಂದಕ್ಕೆ ಇಳಿಯಬೇಕು. ತಲೆ ಕೊನೆಗೆ. ಮಂಡಿ ಮಡಚಿ ಮುಂದಕ್ಕೆ ಸರಿದಷ್ಟೂ ಇಳಿತ ನಿಧಾನವಾಗುತ್ತದೆ. ಕಣ್ಣು ತೆರೆದಿರಲಿ, ನೆಲ ಕಂಡರೆ ಅರ್ಧ ಭಯ ಅಲ್ಲೇ ಇಳಿಯುತ್ತದೆ.

ಮೊದಲ ತಿಂಗಳುಗಳಲ್ಲಿ ಗೋಡೆಯೇ ಗೆಳೆಯ. ಅದಕ್ಕೆ ಬೆನ್ನು ಮಾಡಿ, ಒಂದೆರಡು ಅಡಿ ದೂರ ನಿಂತು, ಅಂಗೈಗಳನ್ನು ಗೋಡೆಯ ಮೇಲೆ ಒಂದೊಂದಾಗಿ ಕೆಳಕ್ಕೆ ನಡೆಸಬೇಕು. ಅಯ್ಯಂಗಾರ್ ಪದ್ಧತಿಯಲ್ಲಿ ಕುರ್ಚಿ, ಹಗ್ಗ, ಮರದ ಬೆಂಚುಗಳು ಇದೇ ಕೆಲಸಕ್ಕೆ ಒದಗುತ್ತವೆ. ಏಳುವಾಗಲೂ ಯಜಮಾನಿಕೆ ಕಾಲಿನದೇ. ಭಾರವನ್ನು ಕೈಯಿಂದ ಪಾದಕ್ಕೆ ದಾಟಿಸಿದ ಮೇಲೆ ಎದೆ ಏಳುತ್ತದೆ, ತಲೆ ಕೊನೆಗೆ ಬರುತ್ತದೆ. ತಲೆ ಮೊದಲು ಎತ್ತಲು ಹೋದವರು ಮುಗ್ಗರಿಸುತ್ತಾರೆ.

ಮೈಸೂರು ಪದ್ಧತಿಯಲ್ಲಿ ಈ ಬಾಗು ಆಸನಗಳ ಸರಣಿ ಮುಗಿದು ಮೈ ಪೂರ್ತಿ ಕಾದ ಮೇಲೆ ಬರುತ್ತದೆ. ಆಮೇಲೆ ಪಶ್ಚಿಮೋತ್ತಾನಾಸನ ಮಾಡಿ ಬೆನ್ನನ್ನು ಮುಂದಕ್ಕೆ ಸಡಿಲಿಸುತ್ತಾರೆ. ಒಂದೇ ಕೋಣೆಯಲ್ಲಿ ಒಬ್ಬೊಬ್ಬರೂ ತಮ್ಮ ಉಸಿರಿನ ಲಯದಲ್ಲಿ ಸಾಗುತ್ತಾರೆ; ಗುರು ಅಗತ್ಯವಿದ್ದವರ ಬಳಿ ಬಂದು ನಿಲ್ಲುತ್ತಾರೆ. ಮೈ ಮುಟ್ಟಿ ತಿದ್ದುವ ಮೊದಲು ಶಿಷ್ಯರ ಒಪ್ಪಿಗೆ ಕೇಳುವ ರೂಢಿ ಈಚಿನ ವರ್ಷಗಳಲ್ಲಿ ಬೆಳೆದಿದೆ. ಅದು ಎಲ್ಲ ಕಡೆಯೂ ನೆಲೆಯಾಗಬೇಕು.

ಡಿಸ್ಕ್ ತೊಂದರೆ, ಹತೋಟಿಯಲ್ಲಿಲ್ಲದ ರಕ್ತದೊತ್ತಡ, ಗ್ಲಾಕೋಮಾ ಇರುವವರು ವೈದ್ಯರನ್ನು ಕೇಳದೆ ಈ ಬಾಗಿಗೆ ಇಳಿಯಬಾರದು. ಗರ್ಭಿಣಿಯರಿಗೆ ಇದು ಬೇಡ. ಕೆಳಬೆನ್ನು ಚುಚ್ಚಿದ ದಿನ ಯಾರೇ ಆಗಲಿ ಅಲ್ಲಿಗೇ ನಿಲ್ಲಿಸಬೇಕು.

ಹೊರನಾಡಿನಲ್ಲಿ ನೆಲೆಸಿದ ಕನ್ನಡಿಗರಲ್ಲಿ ಒಂದು ಕೋರಿಕೆ. ನಿಮ್ಮ ಊರಿನಲ್ಲಿ ಮೈಸೂರಿನ ಹೆಸರು ಹೊತ್ತ ತರಗತಿಯಿದ್ದರೆ ಒಂದು ಬೆಳಗ್ಗೆ ಮಕ್ಕಳನ್ನೂ ಕರೆದುಕೊಂಡು ಹೋಗಿ. ಅಲ್ಲಿ ಬಾಗುತ್ತಿರುವವರಿಗೆ ಕೌಶಿಕ, ಬೆಳ್ಳೂರುಗಳ ಕಥೆಯನ್ನು ನೀವೇ ಹೇಳಿ. ಮರುದಿನ ಮನೆಯ ಗೋಡೆಗೆ ಬೆನ್ನು ಮಾಡಿ, ಪಾದ ಊರಿ, ಮೊದಲ ಉಸಿರು ತೆಗೆದುಕೊಳ್ಳಿ.