ವಿಡಿಯೋದ ವೇಗ, ರೈಲಿನ ವೇಗ

ಮಕ್ಕಳೇ, ವಿಡಿಯೋ ಅಂದರೆ ಒಂದರ ಹಿಂದೆ ಒಂದು ಬರುವ ಸ್ಥಿರಚಿತ್ರಗಳ ಸಾಲು. ಒಂದೊಂದು ಚಿತ್ರಕ್ಕೂ ಫ್ರೇಮ್ ಎಂದು ಹೆಸರು. ಸೆಕೆಂಡಿಗೆ 25 ಫ್ರೇಮ್ ತೆಗೆದು, ಸೆಕೆಂಡಿಗೆ 25ರಂತೆಯೇ ತೋರಿಸಿದರೆ ಘಟನೆ ನಡೆದ ವೇಗದಲ್ಲೇ ಕಾಣುತ್ತದೆ. ಅವನ್ನೇ ಸೆಕೆಂಡಿಗೆ 75ರಂತೆ ಓಡಿಸಿದರೆ? ಮೂರು ಸೆಕೆಂಡಿನ ಘಟನೆ ಒಂದೇ ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ತಮಾಷೆಯ ವಿಡಿಯೋದಲ್ಲಾದರೆ ಇದನ್ನು ನೋಡಿ ನಗುತ್ತೇವೆ. ಆದರೆ ಒಮ್ಮೆ ಇದೇ ಸಂಗತಿ ಜನರ ಸಾವಿನ ಬಗ್ಗೆ ಗಂಭೀರ ಪ್ರಶ್ನೆ ಎಬ್ಬಿಸಿತು.

1999ರ ಕೊಸೊವೊ ಯುದ್ಧದಲ್ಲಿ ನ್ಯಾಟೋ ಎಂಬ ಸೇನಾ ಒಕ್ಕೂಟವು ಯುಗೊಸ್ಲಾವಿಯಾದ ಮೇಲೆ ವಿಮಾನ ದಾಳಿ ಮಾಡುತ್ತಿತ್ತು. ಏಪ್ರಿಲ್ 12ರಂದು ಅದರ ಗುರಿ ದಕ್ಷಿಣ ಸೆರ್ಬಿಯಾದ ಗ್ರದೆಲಿತ್ಸ ಕಣಿವೆಯ ರೈಲು ಸೇತುವೆ. ಬಾಂಬಿನ ಮೂತಿಯಲ್ಲೇ ಕ್ಯಾಮೆರಾ ಇತ್ತು. ಅದು ಕಳಿಸುವ ಚಿತ್ರವನ್ನು ವಿಮಾನದೊಳಗಿನ ಪರದೆಯಲ್ಲಿ ನೋಡುತ್ತಾ ಬಾಂಬಿಗೆ ದಾರಿ ತೋರಿಸಬಹುದಿತ್ತು. ಬಾಂಬು ಸೇತುವೆ ತಲುಪುವ ಹೊತ್ತಿಗೆ ಪ್ರಯಾಣಿಕರ ರೈಲೊಂದು ಅಲ್ಲಿಗೆ ಬಂತು. ಎರಡನೆಯ ಬಾಂಬೂ ರೈಲಿಗೇ ಬಡಿಯಿತು. ಕನಿಷ್ಠ 10 ಮಂದಿ ಸತ್ತರು.

ಮರುದಿನ ನ್ಯಾಟೋದ ಸೇನಾಪತಿ ವೆಸ್ಲಿ ಕ್ಲಾರ್ಕ್ ಆ ಕ್ಯಾಮೆರಾದ ವಿಡಿಯೋವನ್ನು ಪತ್ರಕರ್ತರಿಗೆ ತೋರಿಸಿದರು. ರೈಲು ಕೊನೆಯ ಗಳಿಗೆಯಲ್ಲಿ ಬಂತು, ತಪ್ಪಿಸಲು ಸಮಯವೇ ಇರಲಿಲ್ಲ ಎಂಬುದು ಅವರ ವಿವರಣೆ. ವಿಡಿಯೋದಲ್ಲಿಯೂ ರೈಲು ಮಿಂಚಿನಂತೆ ನುಗ್ಗಿ ಬರುತ್ತದೆ!

2000ದ ಜನವರಿಯಲ್ಲಿ ಫ್ರಾಂಕ್‌ಫುರ್ಟರ್ ರುಂಡ್‌ಶೌ ಎಂಬ ಜರ್ಮನ್ ಪತ್ರಿಕೆ, ಆ ವಿಡಿಯೋವನ್ನು ಸುಮಾರು ಮೂರು ಪಟ್ಟು ವೇಗದಲ್ಲಿ ತೋರಿಸಲಾಗಿತ್ತು ಎಂದು ಬರೆಯಿತು. ನ್ಯಾಟೋ ಅದನ್ನು ಒಪ್ಪಿತು. ತಾಂತ್ರಿಕ ಕಾರಣದಿಂದ ಹಾಗಾಯಿತು ಎಂದಿತು. ಈಗ ಲೆಕ್ಕ ಹಾಕಿ: ಪರದೆಯ ಮೇಲೆ ರೈಲು 2 ಸೆಕೆಂಡು ಕಂಡಿದ್ದರೆ, ನಿಜಕ್ಕೂ ಸಿಕ್ಕಿದ ಸಮಯ 6 ಸೆಕೆಂಡು. ಹಾಗಾದರೆ ಬಾಂಬನ್ನು ಬೇರೆಡೆ ತಿರುಗಿಸಲು ಆಗುತ್ತಿತ್ತಾ? ಯುಗೊಸ್ಲಾವಿಯಾ ಯುದ್ಧಾಪರಾಧ ನ್ಯಾಯಾಲಯದ ಅಭಿಯೋಜಕರು ನೇಮಿಸಿದ ಸಮಿತಿಯೂ ಇದನ್ನು ಪರಿಶೀಲಿಸಿತು. ನಿಜವಾದ ವೇಗದಲ್ಲಿ ಲೆಕ್ಕ ಹಾಕಿದರೂ 7–8 ಸೆಕೆಂಡಿಗಿಂತ ಕಡಿಮೆ ಸಮಯವಷ್ಟೇ ಇತ್ತು ಎಂದು ಹೇಳಿ, ಮೊದಲ ಬಾಂಬಿನ ವಿಷಯದಲ್ಲಿ ತನಿಖೆ ಬೇಡ ಎಂದಿತು. ತೀರ್ಮಾನ ಏನೇ ಇರಲಿ, ಅದಕ್ಕೆ ಆಧಾರವಾಗುವ ಸೆಕೆಂಡುಗಳು ಸರಿಯಾಗಿರಬೇಕು ಅಲ್ವಾ?

ವಿಡಿಯೋದ ವೇಗ ಸರಿಯೋ ತಪ್ಪೋ ಎಂದು ಪತ್ತೆ ಮಾಡುವುದು ಹೇಗೆ? ಉದ್ದ ಗೊತ್ತಿರುವ ಒಂದು ವಸ್ತು ಸಾಕು. ಉದಾಹರಣೆಗೆ, 24 ಮೀಟರ್ ಉದ್ದದ ಬೋಗಿಯೊಂದು ಒಂದು ಕಂಬವನ್ನು 0.5 ಸೆಕೆಂಡಿನಲ್ಲಿ ದಾಟಿತು ಅನ್ನಿ. ವೇಗ = ದೂರ ÷ ಕಾಲ = 48 ಮೀ/ಸೆ., ಅಂದರೆ ಗಂಟೆಗೆ ಸುಮಾರು 173 ಕಿ.ಮೀ. ಕಣಿವೆಯ ತಿರುವಿನ ಹಳಿಯಲ್ಲಿ ಸಾಧಾರಣ ರೈಲು ಹೀಗೆ ಓಡದು. ಮೂರು ಪಟ್ಟು ನಿಧಾನಿಸಿದರೆ ಸಿಗುವುದು 16 ಮೀ/ಸೆ., ಸುಮಾರು 58 ಕಿ.ಮೀ. ಇದು ನಂಬುವಂಥದ್ದು.

ನೀವೂ ಮಾಡಿ ನೋಡಿ. 1.25 ಮೀಟರ್ ಎತ್ತರದಿಂದ ಚೆಂಡು ಬಿಟ್ಟು, ಮನೆಯವರ ಫೋನಿನಲ್ಲಿ ಸೆಕೆಂಡಿಗೆ 30 ಫ್ರೇಮಿನ ವಿಡಿಯೋ ತೆಗೆಯಿರಿ. ನೆಲ ಮುಟ್ಟಲು ಚೆಂಡಿಗೆ ಅರ್ಧ ಸೆಕೆಂಡು, ಅಂದರೆ ಸುಮಾರು 15 ಫ್ರೇಮ್ ಬೇಕು. ಅದೇ ಎತ್ತರದಿಂದ ಬಿದ್ದ ಚೆಂಡು ಬೇರೊಂದು ವಿಡಿಯೋದಲ್ಲಿ 5 ಫ್ರೇಮಿಗೇ ನೆಲ ಮುಟ್ಟಿದರೆ, ಅಲ್ಲಿ ಏನಾಗಿದೆ? ಉತ್ತರವನ್ನು ತರಗತಿಯಲ್ಲಿ ಚರ್ಚಿಸಿ.