ಖಗ್ರಾಸ ಸೂರ್ಯಗ್ರಹಣ: ಬರಿಗಣ್ಣಿನಿಂದ ನೋಡುವುದು ಯಾವಾಗ?

ಸೂರ್ಯಗ್ರಹಣವನ್ನು ಬರಿಗಣ್ಣಿನಿಂದ ನೋಡಬಾರದೆಂದು ಅಧ್ಯಾಪಕರಾದ ನಾವೆಲ್ಲರೂ ಮಕ್ಕಳಿಗೆ ಹೇಳುತ್ತ ಬಂದಿದ್ದೇವೆ. ಮಾತು ಸರಿಯೇ, ಆದರೆ ಅದಕ್ಕೆ ಒಂದೇ ಒಂದು ಅಪವಾದವುಂಟು. ಅದನ್ನರಿಯದವರು ಒಂದೋ ಭಯದಿಂದ ಅಪೂರ್ವ ದೃಶ್ಯವೊಂದನ್ನು ಕಳೆದುಕೊಳ್ಳುತ್ತಾರೆ, ಇಲ್ಲವೇ ಅವಸರದಿಂದ ದೃಷ್ಟಿಯನ್ನೇ ಕಳೆದುಕೊಳ್ಳುತ್ತಾರೆ.

ಚಂದ್ರಬಿಂಬವು ಸೂರ್ಯಬಿಂಬವನ್ನು ಸಂಪೂರ್ಣವಾಗಿ ಮರೆಮಾಡುವುದೇ ಖಗ್ರಾಸ. ಆಗ ಸೂರ್ಯನ ಹೊರ ವಾತಾವರಣವಾದ ಕರೋನಾ ಬಿಳಿಯ ಪ್ರಭಾವಳಿಯಂತೆ ಗೋಚರಿಸುತ್ತದೆ. ಅದರ ಕಾಂತಿ ಹೆಚ್ಚುಕಡಿಮೆ ಹುಣ್ಣಿಮೆಯ ಚಂದ್ರನಷ್ಟೇ, ಬರಿಗಣ್ಣಿಗೆ ಅಪಾಯವಿಲ್ಲ. ಸೂರ್ಯನಾದರೋ ಹುಣ್ಣಿಮೆಯ ಚಂದ್ರನಿಗಿಂತ ಸುಮಾರು 4 ಲಕ್ಷ ಪಟ್ಟು ಪ್ರಕಾಶಮಾನ. ನೂರರಲ್ಲಿ ಒಂದು ಪಾಲು ಮಾತ್ರ ಉಳಿದರೂ ಅದು 4 ಸಾವಿರ ಚಂದ್ರರ ಬೆಳಕಿಗೆ ಸಮ. ಅಕ್ಷಿಪಟಲಕ್ಕೆ ನೋವಿನ ಅರಿವಿಲ್ಲದ ಕಾರಣ ಅದು ಸುಡುವಾಗ ತಿಳಿಯುವುದಿಲ್ಲ. ಕೆಲವು ಗಂಟೆಗಳ ಬಳಿಕ ದೃಷ್ಟಿಯ ನಡುವೆ ಕಲೆ ಕಾಣಿಸಿಕೊಳ್ಳುತ್ತದೆ.

ಆದುದರಿಂದ ಕ್ರಮ ಹೀಗಿರಲಿ. ಐಎಸ್‌ಒ 12312-2 ಮಾನಕದ ಗ್ರಹಣ ಕನ್ನಡಕ ಅಥವಾ 14ನೇ ಸಂಖ್ಯೆಯ ವೆಲ್ಡಿಂಗ್ ಗಾಜಿನ ಮೂಲಕವೇ ನೋಡುತ್ತಿರಬೇಕು. ವಜ್ರದುಂಗುರದಂತೆ ಹೊಳೆಯುವ ಕೊನೆಯ ಬಿಂದುವೂ ಮರೆಯಾದ ಮೇಲೆಯೇ ಅದನ್ನು ತೆಗೆಯಬೇಕು. ಪಶ್ಚಿಮದ ಅಂಚಿನಲ್ಲಿ ಬೆಳಕು ಮರಳಿ ಮಿನುಗಿದೊಡನೆ ಮತ್ತೆ ಧರಿಸಬೇಕು. 1980ರ ಫೆಬ್ರವರಿ 16ರಂದು ರಾಯಚೂರು ಸೀಮೆಯಲ್ಲಿ ಈ ಅವಕಾಶ ಮೂರು ನಿಮಿಷವೂ ಇರಲಿಲ್ಲ.

ಪಾರ್ಶ್ವ ಹಾಗೂ ಕಂಕಣ ಗ್ರಹಣಗಳಲ್ಲಿ ಈ ಅವಕಾಶ ಕ್ಷಣಮಾತ್ರವೂ ಇಲ್ಲ. 2019ರ ಡಿಸೆಂಬರ್ 26ರಂದು ನಮ್ಮ ಕಾಸರಗೋಡು ಜಿಲ್ಲೆಯ ಚೆರುವತ್ತೂರಿನಲ್ಲಿ ಕಂಡದ್ದು ಕಂಕಣ ಗ್ರಹಣ. ಚಂದ್ರನು ದೂರವಿದ್ದು ಚಿಕ್ಕದಾಗಿ ಕಾಣುತ್ತಿದ್ದುದರಿಂದ ಸೂರ್ಯನ ಅಂಚು ಬಳೆಯಂತೆ ಉಳಿದಿತ್ತು. ಆ ಬಳೆಯೂ ಸೂರ್ಯನೇ ಎಂಬುದನ್ನು ಮರೆಯಬಾರದು.

ಮಸಿ ಹಿಡಿಸಿದ ಗಾಜು, ಎಕ್ಸ್‌ರೇ ಹಾಳೆ, ತಂಪು ಕನ್ನಡಕ, ಸಗಣಿ ನೀರಿನಲ್ಲಿ ಕಾಣುವ ಪ್ರತಿಬಿಂಬ, ಇವಾವುವೂ ಸುರಕ್ಷಿತವಲ್ಲ. ಖರ್ಚಿಲ್ಲದ ಉತ್ತಮ ಉಪಾಯವೆಂದರೆ ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಸೂರ್ಯನಿಗೆ ಬೆನ್ನು ಮಾಡಿ ನಿಂತು, ಬಿಳಿಯ ಕಾಗದದ ಮೇಲೆ ಬಿಂಬವನ್ನು ಬೀಳಿಸುವುದು. ಮಾವಿನೆಲೆಗಳ ಸಂದಿಯಿಂದ ಅಂಗಳಕ್ಕೆ ಬೀಳುವ ಬೆಳಕಿನ ಚುಕ್ಕಿಗಳೂ ಆಗ ಪುಟ್ಟ ಪುಟ್ಟ ಚಂದ್ರಕಲೆಗಳಾಗಿರುತ್ತವೆ.

2031ರ ಮೇ 21ರಂದು ದಕ್ಷಿಣ ಕೇರಳ ಮತ್ತು ತಮಿಳುನಾಡಿನಲ್ಲಿ ಕಂಕಣ ಗ್ರಹಣವೂ, 2034ರ ಮಾರ್ಚ್ 20ರಂದು ಕಾಶ್ಮೀರ-ಲಡಾಖ್ ಕಡೆ ಖಗ್ರಾಸ ಗ್ರಹಣವೂ ಸಂಭವಿಸಲಿವೆ. ನಮ್ಮ ಊರಿಗೆ ಇವೆರಡೂ ಪಾರ್ಶ್ವ ಗ್ರಹಣಗಳೇ. ಅಂದು ಮಕ್ಕಳನ್ನು ಕೋಣೆಯೊಳಗೆ ಕೂಡಿಹಾಕುವ ಬದಲು, ರಟ್ಟು, ಸೂಜಿಗಳೊಡನೆ ಶಾಲೆಯ ಅಂಗಳಕ್ಕೆ ಕರೆತರಬೇಕೆಂದು ಇಂದಿನ ಅಧ್ಯಾಪಕ ಮಿತ್ರರಲ್ಲಿ ನನ್ನ ವಿನಂತಿ.